ಊರಿನ ಅಗ್ನಿಶಾಮಕ ದಳ ಹುಟ್ಟಿದ್ದು ಯಾವಾಗ? ಮೂರು ಇಸವಿಗಳಲ್ಲಿ ಯಾವುದನ್ನು ಹಿಡಿಯಬೇಕು?

ಪ್ರಶ್ನೆ: ನಮ್ಮದು ಸಣ್ಣ ಊರು. ಇಲ್ಲಿನ ಅಗ್ನಿಶಾಮಕ ದಳದ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಠಾಣೆಯಲ್ಲಿ ಒಂದು ಹಳೇ ಕೈಪಂಪು, ಒಂದು ಗಂಟೆ, ಎರಡು ರಿಜಿಸ್ಟರ್ ಬಿಟ್ಟರೆ ಬೇರೇನೂ ಉಳಿದಿಲ್ಲ. ಪಂಪಿನ ಮೇಲೆ ಒಂದು ಇಸವಿ ಇದೆ, ಠಾಣೆಯ ಕಲ್ಲಿನ ಮೇಲೆ ಇನ್ನೊಂದು, ರಿಜಿಸ್ಟರಿನ ಮೊದಲ ಪುಟದಲ್ಲಿ ಮೂರನೆಯದು. ಒಂದಕ್ಕೂ ಇನ್ನೊಂದಕ್ಕೂ ಹತ್ತಿಪ್ಪತ್ತು ವರ್ಷ ಅಂತರ. ಯಾವುದು ಸರಿ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೂರೂ ಸರಿಯಾಗಿಯೇ ಇರಬಹುದು. ಪಂಪಿನ ಮೇಲಿನದು ಪಂಪು ತಯಾರಾದ ವರ್ಷ. ಕಲ್ಲಿನ ಮೇಲಿನದು ಕಟ್ಟಡ ಎದ್ದ ವರ್ಷ. ರಿಜಿಸ್ಟರಿನಲ್ಲಿರುವುದು ಯಾರೋ ಒಬ್ಬರು ಕೂತು ಹೆಸರುಗಳನ್ನು ಬರೆಯಲು ಶುರು ಮಾಡಿದ ವರ್ಷ. ಒಂದೇ ಇಸವಿ ಹಾಕಬೇಕು ಅಂದರೆ ನಾನು ರಿಜಿಸ್ಟರಿನದನ್ನೇ ಹಾಕುತ್ತೇನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಪಂಪಿನ ವಿಷಯ. ದೊಡ್ಡ ನಗರಗಳು ಹೊಸ ಯಂತ್ರ ಕೊಂಡಾಗ ಹಳೆಯದನ್ನು ಸಣ್ಣ ಊರುಗಳಿಗೆ ಮಾರುವುದು ಮಾಮೂಲಾಗಿತ್ತು. 1850ರ ನಂತರ ನಗರಗಳಿಗೆ ಉಗಿ ಇಂಜಿನ್ ಬಂದ ಮೇಲಂತೂ ಎಷ್ಟೋ ಕೈಪಂಪುಗಳು ಹೀಗೆ ಕೈ ಬದಲಾದವು. ಬಂದ ಪಂಪಿಗೆ ಹೊಸ ಊರಿನವರು ಬಣ್ಣ ಹೊಡೆಸಿ ತಮ್ಮ ಹೆಸರು ಬರೆಸುತ್ತಿದ್ದರು. ತಯಾರಕರ ಲೋಹದ ಪಟ್ಟಿ ಮಾತ್ರ ಹಾಗೇ ಉಳಿಯುತ್ತಿತ್ತು. ಹಾಗಾಗಿ ನಿಮ್ಮ ಪಂಪಿನ ಬಣ್ಣ ಎಲ್ಲಿ ಚಕ್ಕೆ ಎದ್ದಿದೆಯೋ ಅಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಕೆಳಗಿನ ಪದರದಲ್ಲಿ ಬೇರೆ ಊರಿನ ಹೆಸರೋ, ಒಂದು ನಂಬರೋ ಕಾಣಬಹುದು. ಕೆರೆಯಲು ಹೋಗಬೇಡಿ. ಫೋಟೋ ತೆಗೆದುಕೊಳ್ಳಿ, ಸಾಕು.

ಆ ಪಂಪು ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದು ಗೊತ್ತಿದ್ದರೆ ರಿಜಿಸ್ಟರನ್ನು ಓದುವುದು ಸುಲಭ. ಎರಡೂ ಬದಿಗೆ ಉದ್ದನೆಯ ಹಿಡಿಕೋಲು ಇರುತ್ತದೆ. ಒಂದು ಬದಿಯವರು ಒತ್ತಿದಾಗ ಇನ್ನೊಂದು ಬದಿಯ ಕೋಲು ಮೇಲೆ ಬರುತ್ತದೆ. ಒಳಗೆ ಎರಡು ಸಿಲಿಂಡರ್, ಎರಡು ಪಿಸ್ಟನ್. ಅವು ಸರದಿಯಂತೆ ನೀರನ್ನು ನಡುವಿನ ಒಂದು ಮುಚ್ಚಿದ ಕೋಣೆಗೆ ನೂಕುತ್ತವೆ. ಆ ಕೋಣೆಯ ಮೇಲ್ಭಾಗದಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರು ಏರಿದಂತೆ ಗಾಳಿ ಅದುಮಿ ಹೋಗಿ, ಸ್ಪ್ರಿಂಗಿನ ಹಾಗೆ ನೀರನ್ನು ಹೊರಗೆ ತಳ್ಳುತ್ತದೆ. ಅದಕ್ಕೇ ಕೋಲು ಮೇಲೆ ಕೆಳಗೆ ಆಡುತ್ತಿದ್ದರೂ ನೀರು ಬಿಟ್ಟು ಬಿಟ್ಟು ಬರದೆ ಒಂದೇ ಧಾರೆಯಾಗಿ ಹೋಗುತ್ತದೆ. ಲಂಡನ್ನಿನಲ್ಲಿ ಅಂಗಿಯ ಗುಂಡಿ ಮಾಡುತ್ತಿದ್ದ ರಿಚರ್ಡ್ ನ್ಯೂಷಮ್ ಎಂಬಾತ 1721 ಮತ್ತು 1725ರಲ್ಲಿ ಇಂಥ ಪಂಪಿಗೆ ಪೇಟೆಂಟ್ ಪಡೆದ. 1731ರಲ್ಲಿ ನ್ಯೂಯಾರ್ಕ್ ತರಿಸಿಕೊಂಡ ಮೊದಲ ಎರಡು ಪಂಪುಗಳು ಅವನವೇ.

ಈ ಪಂಪು ಒತ್ತುವುದು ಮೈಮುರಿಯುವ ಕೆಲಸ. ಜೋರಾಗಿ ಒತ್ತಿದರೆ ಕೆಲವೇ ನಿಮಿಷಕ್ಕೆ ತೋಳು ಸೋಲುತ್ತದೆ. ಆಗ ಇನ್ನೊಂದು ತಂಡ ಬಂದು ಕೋಲು ಹಿಡಿಯಬೇಕು. ಅಂದರೆ ಒಂದೇ ಒಂದು ಪಂಪಿಗೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಜಾಸ್ತಿ ಜನ ಬೇಕು. ಪಂಪು ಕೊಳ್ಳುವುದು ಒಂದು ದಿನದ ಕೆಲಸ. ರಾತ್ರಿ ಎರಡು ಗಂಟೆಗೆ ಅಷ್ಟು ಜನ ಹಾಸಿಗೆ ಬಿಟ್ಟು ಬರುವ ಹಾಗೆ ಮಾಡುವುದು ಬೇರೆಯೇ ಕೆಲಸ. ಶೆಡ್ಡಿನಲ್ಲಿ ಪಂಪು ಇತ್ತು, ಬೀಗದ ಕೈ ಯಾರ ಹತ್ತಿರ ಅಂತ ಗೊತ್ತಿರಲಿಲ್ಲ ಅನ್ನುವ ಊರಿಗೆ ಅಗ್ನಿಶಾಮಕ ದಳ ಇತ್ತು ಅಂತ ಹೇಳಲಾದೀತೇ? ಗಂಟೆ ಹೊಡೆದರೆ ಯಾರ್ಯಾರು ಬರಲೇಬೇಕು ಅಂತ ಹೆಸರು ಬರೆದಿಟ್ಟ ದಿನವೇ ದಳ ಹುಟ್ಟಿದ ದಿನ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇದೇ ಜಗಳ ಜರ್ಮನಿಯಲ್ಲೂ ಇದೆ. ಅಲ್ಲಿ ಮೊದಲ ಸ್ವಯಂಸೇವಕ ದಳ ಯಾವುದು ಅಂತ ಕೇಳಿದರೆ ಕೆಲವರು 1841ರ ಮೈಸನ್ ಅನ್ನುತ್ತಾರೆ, ಕೆಲವರು 1846ರ ಡುರ್ಲಾಖ್ ಅನ್ನುತ್ತಾರೆ. ಡುರ್ಲಾಖ್ ಆಗ ಕಾರ್ಲ್ಸ್‌ರೂಹೆ ನಗರದ ಪಕ್ಕದ ಒಂದು ಸಣ್ಣ ಊರು. ಊರಿಗೆ ಹೈಡಲ್‌ಬರ್ಗಿನ ಕಾರ್ಲ್ ಮೆಟ್ಸ್ ಕಾರ್ಖಾನೆಯ ಹೊಸ ಪಂಪು ಬಂತು. ಊರಿನ ಕಟ್ಟಡ ಕೆಲಸ ನೋಡುತ್ತಿದ್ದ ಕ್ರಿಸ್ಟಿಯನ್ ಹೆಂಗ್ಸ್ಟ್ ಅದಕ್ಕೆ ಜನ ಸೇರಿಸಿದ. ಸುಮ್ನೆ ಸೇರಿಸಲಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರ ಮಾತು ಕೇಳಬೇಕು ಅಂತ ಗೊತ್ತುಮಾಡಿ ತಾಲೀಮು ಮಾಡಿಸಿದ. 1847ರ ಫೆಬ್ರವರಿ 28ರಂದು ಕಾರ್ಲ್ಸ್‌ರೂಹೆಯ ಆಸ್ಥಾನ ರಂಗಮಂದಿರಕ್ಕೆ ಬೆಂಕಿ ಬಿತ್ತು. 60ಕ್ಕೂ ಹೆಚ್ಚು ಜನ ಸತ್ತರು. ಡುರ್ಲಾಖಿನ ಈ ತಂಡ ಅಲ್ಲಿಗೆ ಹೋಗಿ ಬೆಂಕಿ ಪಕ್ಕದ ಕಟ್ಟಡಗಳಿಗೆ ಹಬ್ಬದಂತೆ ತಡೆಯಿತು. ದೊಡ್ಡ ನಗರಕ್ಕೆ ಸಣ್ಣ ಊರಿನವರು ಬಂದು ತೋರಿಸಿಕೊಟ್ಟ ಹಾಗಾಯಿತು. ಅದಾದ ಮೇಲೆ ಜರ್ಮನಿಯ ಊರೂರಲ್ಲಿ ಇಂಥ ದಳಗಳು ಎದ್ದವು. ಇವತ್ತಿಗೂ ಅಲ್ಲಿ ಬಹುಪಾಲು ಊರುಗಳ ದಳಗಳು ಸ್ವಯಂಸೇವಕರವೇ. ಚಿಲಿ ದೇಶದಲ್ಲಂತೂ ರಾಜಧಾನಿಯಲ್ಲೂ ಬೆಂಕಿ ನಂದಿಸುವವರು ಸಂಬಳ ಪಡೆಯುವುದಿಲ್ಲ. ಅಮೆರಿಕದಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಸ್ವಯಂಸೇವಕರು. ಹಾಗಾಗಿ ನಿಮ್ಮ ಊರಿನ ದಳಕ್ಕೆ ಸಂಬಳದವರು ಬಂದ ವರ್ಷವನ್ನೇ ಹುಟ್ಟಿದ ವರ್ಷ ಅಂತ ಬರೆಯಬೇಡಿ.

ರಿಜಿಸ್ಟರಿನ ಹೆಸರುಗಳಿಗೆ ಬರೋಣ. ಹೆಸರಿನ ಮುಂದೆ ಕಸುಬು ಬರೆದಿದೆಯೇ? ಬರೆದಿದ್ದರೆ ನಿಮ್ಮ ಅದೃಷ್ಟ. 1824ರಲ್ಲಿ ಎಡಿನ್‌ಬರೋ ನಗರದ ದಳದ ಮುಖ್ಯಸ್ಥನಾದ ಜೇಮ್ಸ್ ಬ್ರೈಡ್‌ವುಡ್ ತನ್ನ ಜನರನ್ನು ಕಸುಬು ನೋಡಿಯೇ ಆರಿಸಿದ. ಛಾವಣಿ ಹೊದಿಸುವವರು, ಬಡಗಿಗಳು, ಗಾರೆ ಕೆಲಸದವರು. ಛಾವಣಿಯವನಿಗೆ ಎತ್ತರದ ಭಯ ಇರುವುದಿಲ್ಲ. ಯಾವ ತೊಲೆ ತಡೆಯುತ್ತದೆ, ಯಾವುದು ಮುರಿಯುತ್ತದೆ ಅಂತ ಬಡಗಿಗೆ ಗೊತ್ತು. ಗಾರೆಯವನಿಗೆ ಗೋಡೆ ಬೀಳುವ ಮುಂಚೆಯೇ ಅದರ ಬಿರುಕು ಕಾಣುತ್ತದೆ. ಹೊರಗೆ ನಿಂತು ನೀರು ಎರಚಿದರೆ ಆಗದು, ಒಳಗೆ ಹೋಗಿ ಬೆಂಕಿಯ ಬುಡಕ್ಕೆ ಹಾಕಬೇಕು ಅಂತ ಹೇಳಿಕೊಟ್ಟವನೂ ಅವನೇ. 1861ರ ಜೂನ್ 22ರಂದು ಲಂಡನ್ನಿನ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ಗೋಡೆ ಕುಸಿದು ಅವನು ತೀರಿಕೊಂಡ. ನಿಮ್ಮ ಪಟ್ಟಿಯಲ್ಲಿ ಯಾವ ಕಸುಬಿನವರು ಜಾಸ್ತಿ ಇದ್ದಾರೆ ಅಂತ ಎಣಿಸಿ ನೋಡಿ. ಎಲ್ಲ ಅಂಗಡಿ ಮಾಲೀಕರೇ ಆಗಿದ್ದರೆ ಅದು ಮಾಲು ಉಳಿಸಿಕೊಳ್ಳಲು ಕಟ್ಟಿದ ದಳ ಇರಬಹುದು. ಒಂದೇ ಕಾರ್ಖಾನೆಯವರಾಗಿದ್ದರೆ ಕಾರ್ಖಾನೆಯ ದಳವೇ ಮುಂದೆ ಊರಿನ ದಳ ಆಗಿರಬಹುದು.

ಮಾಲು ಉಳಿಸುವ ಮಾತು ಬಂತು. ಬೆಂಜಮಿನ್ ಫ್ರಾಂಕ್ಲಿನ್ 1736ರ ಡಿಸೆಂಬರ್ 7ರಂದು ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿ ಕಟ್ಟಿದಾಗ ಸದಸ್ಯರು ಚರ್ಮದ ಬಕೆಟ್ಟುಗಳ ಜೊತೆಗೆ ಗಟ್ಟಿ ಚೀಲಗಳನ್ನೂ ಇಟ್ಟುಕೊಳ್ಳಬೇಕಿತ್ತು. ಚೀಲ ಯಾಕೆ? ಉರಿಯುವ ಮನೆಯಿಂದ ಸಾಮಾನು ತುಂಬಿ ಹೊರಗೆ ತರಲು. ಆ ಕಾಲದ ದಳಗಳ ಸಾಮಾನಿನ ಪಟ್ಟಿಯಲ್ಲಿ ಮಂಚ ಬಿಚ್ಚುವ ಕೀಲಿಯೂ ಸಿಗುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಎಷ್ಟೋ ಸಲ ಮಂಚವೇ ಆಗಿತ್ತು. ಬೆಂಕಿ ಆರಿಸುವುದು ಆಗದ ಮಾತು, ಆದಷ್ಟು ಹೊರಗೆ ಸಾಗಿಸೋಣ ಅನ್ನುವ ಲೆಕ್ಕ ಅದು. ಬರದೇ ಹೋದ ಸದಸ್ಯನಿಗೆ ದಂಡ ಹಾಕುತ್ತಿದ್ದರು. ನಿಮ್ಮ ರಿಜಿಸ್ಟರಿನಲ್ಲೂ ದಂಡದ ಕಾಲಂ ಇದ್ದರೆ ಅದನ್ನು ದಯವಿಟ್ಟು ಬಿಡಬೇಡಿ. ಯಾವ ತಿಂಗಳಲ್ಲಿ ಜನ ಬರುತ್ತಿರಲಿಲ್ಲ, ಯಾವಾಗ ಉತ್ಸಾಹ ಇಳಿಯಿತು ಎಲ್ಲವೂ ಅದರಲ್ಲಿ ಕಾಣುತ್ತದೆ.

ಪಂಪಿಗಿಂತ ಹಿಂದಿನ ಕಾಲದ ಕಾಗದ ಸಿಕ್ಕರೆ ಅದರಲ್ಲಿ ಏಣಿ, ಬಕೆಟ್ ಮತ್ತು ಉದ್ದ ಕೋಲಿನ ಕೊಕ್ಕೆಗಳ ಲೆಕ್ಕ ಇರುತ್ತದೆ. ಕೊಕ್ಕೆ ಹಾಕಿ ಪಕ್ಕದ ಮನೆಯನ್ನು ಎಳೆದು ಕೆಡವುತ್ತಿದ್ದರು, ಬೆಂಕಿಗೆ ಮುಂದೆ ದಾರಿ ಸಿಗಬಾರದು ಅಂತ. ಈಗ ಟೋಕಿಯೊ ಆಗಿರುವ ಎಡೋ ನಗರದಲ್ಲಿ 1720ರಲ್ಲಿ ಊರಿನವರದೇ 47 ತಂಡಗಳನ್ನು ಮಾಡಿದರು. ಅವರ ಮುಖ್ಯ ಕೆಲಸವೂ ಕೆಡವುವುದೇ. ಎರಡು ಸಾಲು ನಿಂತು ಬಕೆಟ್ ದಾಟಿಸುವುದು ಇನ್ನೊಂದು ಹಳೇ ದಾರಿ. ಒಂದು ಸಾಲಿನಲ್ಲಿ ತುಂಬಿದ್ದು ಹೋಗುತ್ತದೆ, ಇನ್ನೊಂದರಲ್ಲಿ ಖಾಲಿ ವಾಪಸ್ ಬರುತ್ತದೆ. ಮೂರು ಸೆಕೆಂಡಿಗೆ ಒಂದು 10 ಲೀಟರ್ ಬಕೆಟ್ ಒಂದು ತೊಟ್ಟೂ ಚೆಲ್ಲದೆ ಬಂದರೆ ನಿಮಿಷಕ್ಕೆ 200 ಲೀಟರ್. ಇಂದಿನ ಸಾಧಾರಣ ಫೈರ್ ಇಂಜಿನ್ ನಿಮಿಷಕ್ಕೆ 2,000 ಲೀಟರ್ ಎತ್ತುತ್ತದೆ.

ಆ 2,000 ಲೀಟರ್ ಎಲ್ಲಿಂದ ಬರಬೇಕು? ಸಣ್ಣ ಊರಿನ ದಳದ ಚರಿತ್ರೆ ಬರೆಯುವವರು ಜಾಸ್ತಿ ಮರೆಯುವುದು ಇದನ್ನೇ. ಇಂಜಿನ್ನಿನ ಫೋಟೋಗಳನ್ನು ಸಾಲಾಗಿ ಹಾಕುತ್ತಾರೆ, ನೀರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಗಾಳಿಯ ಒತ್ತಡದಿಂದ ಪಂಪು ನೀರನ್ನು ಹೀರಬಲ್ಲದ್ದು ಲೆಕ್ಕದ ಪ್ರಕಾರ ಸುಮಾರು 10 ಮೀಟರ್ ಎತ್ತರಕ್ಕೆ. ನಿಜವಾಗಿ ಸಿಗುವುದು ಏಳೆಂಟು ಮೀಟರ್. ಎಷ್ಟು ದೊಡ್ಡ ಇಂಜಿನ್ ತಂದರೂ ಈ ಮಿತಿ ದಾಟಲಾಗುವುದಿಲ್ಲ. ಬೇಸಗೆಯಲ್ಲಿ ಬಾವಿಯ ನೀರು ಅದಕ್ಕಿಂತ ಕೆಳಗೆ ಇಳಿದರೆ ಪಂಪು ಇದ್ದೂ ಇಲ್ಲದ ಹಾಗೆ. ಹಾಗಾಗಿ ಬೆಂಕಿಗೆಂದೇ ಹೊಂಡ ತೋಡಿದ್ದು ಯಾವಾಗ, ಮೊದಲ ನೀರಿನ ಕೊಳವೆ ಹಾಕಿದ್ದು ಯಾವಾಗ, ಅದು ಎಷ್ಟು ಇಂಚಿನದು, ಮೊದಲ ಹೈಡ್ರಂಟ್ (ದಳದವರು ಪೈಪು ಜೋಡಿಸಿ ನೀರು ತೆಗೆಯುವ ಬೀದಿಯ ನಲ್ಲಿ) ಯಾವ ಬೀದಿಯಲ್ಲಿ, ಇಷ್ಟನ್ನೂ ನೀರು ಸರಬರಾಜಿನ ಕಡತದಲ್ಲಿ ಹುಡುಕಿ. ಕೆಲವು ಕಡೆ ಮೊದಲು ಮರದ ದಿಮ್ಮಿ ಕೊರೆದು ಮಾಡಿದ ಕೊಳವೆ ಇರುತ್ತಿತ್ತು. ಬೆಂಕಿ ಬಿದ್ದಾಗ ಮಣ್ಣು ಅಗೆದು, ಕೊಳವೆಗೆ ತೂತು ಹಾಕಿ ನೀರು ತೆಗೆಯುತ್ತಿದ್ದರು. ಆಮೇಲೆ ಮರದ ಬೆಣೆ ಹೊಡೆದು ಮುಚ್ಚುತ್ತಿದ್ದರು. ಹೈಡ್ರಂಟಿಗೆ ಫೈರ್ ಪ್ಲಗ್ ಅನ್ನುವ ಹಳೇ ಹೆಸರು ಬಂದದ್ದು ಆ ಬೆಣೆಯಿಂದ.

ನೀರನ್ನು ಬೆಂಕಿಯವರೆಗೆ ಒಯ್ಯುವ ಪೈಪಿಗೂ ಒಂದು ಕಥೆ ಇದೆ. ಆಮ್‌ಸ್ಟರ್‌ಡಾಮಿನ ಚಿತ್ರಕಾರ ಯಾನ್ ವಾನ್ ಡೆರ್ ಹೈಡನ್ ತನ್ನ ಅಣ್ಣತಮ್ಮಂದಿರಲ್ಲಿ ಒಬ್ಬನ ಜೊತೆ ಸೇರಿ 1670ರ ದಶಕದ ಮೊದಲಲ್ಲಿ ಚರ್ಮದ ಪೈಪು ತಯಾರಿಸಿದ. ಒಂದೊಂದು ತುಂಡು 50 ಅಡಿ. ಇವತ್ತಿಗೂ ಹಲವು ದೇಶಗಳಲ್ಲಿ ಫೈರ್ ಪೈಪಿನ ಒಂದು ತುಂಡು ಅಷ್ಟೇ ಉದ್ದ. ಹೊಲಿದ ಚರ್ಮ ಒತ್ತಡಕ್ಕೆ ಬಿಟ್ಟುಕೊಳ್ಳುತ್ತಿತ್ತು. 19ನೇ ಶತಮಾನದ ಶುರುವಿನಲ್ಲಿ ಫಿಲಡೆಲ್ಫಿಯಾದಲ್ಲಿ ಹೊಲಿಗೆಯ ಬದಲು ತಾಮ್ರದ ರಿವೆಟ್ ಹೊಡೆದರು. ನಿಮ್ಮ ಠಾಣೆಯ ಮೂಲೆಯಲ್ಲಿ ರಿವೆಟ್ ಸಾಲು ಇರುವ ಒಣಗಿದ ಚರ್ಮದ ತುಂಡು ಬಿದ್ದಿದ್ದರೆ ಅದನ್ನು ಎಸೆಯಲು ಬಿಡಬೇಡಿ.

ಈಗ ಈ ಲೆಕ್ಕ ಇಟ್ಟುಕೊಂಡು ರಿಜಿಸ್ಟರಿನ ಒಂದು ಸಾಲು ಓದೋಣ. ಹೀಗಿದೆ ಅಂದುಕೊಳ್ಳಿ: ‘ರಾತ್ರಿ 1.40, ಗಂಟೆ. ಮರದ ಅಡ್ಡೆ. ಹೊಂಡದ ನೀರು. ಪೈಪು 8. ಹಾಜರು 14. ವಾಪಸ್ 5.10.’ ನೋಡಲು ಒಣ ಸಾಲು. ಆದರೆ ಎಂಟು ತುಂಡು ಪೈಪು ಅಂದರೆ 400 ಅಡಿ, ಸುಮಾರು 120 ಮೀಟರ್. ಅಡ್ಡೆಯಿಂದ ಹೊಂಡ ಹೆಚ್ಚೆಂದರೆ ಅಷ್ಟು ದೂರ ಇತ್ತು, ಹಾಗಾಗಿ ಆ ಹೊಂಡ ಯಾವುದು ಅಂತ ನಕ್ಷೆಯಲ್ಲಿ ಗುರುತಿಸಬಹುದು. ಹಾಜರಿದ್ದವರು 14. ಕೈಪಂಪಿನ ಕಾಲವಾದರೆ ಮೂರೂವರೆ ಗಂಟೆ ಪಂಪು ಒತ್ತಲು ಅಷ್ಟು ಜನ ಸಾಲದು. ಅಂದರೆ ಹೆಸರಿಲ್ಲದ ಊರಿನವರೂ ಕೋಲು ಹಿಡಿದಿದ್ದರು. ಹತ್ತು ವರ್ಷದ ನಂತರದ ಸಾಲುಗಳಲ್ಲಿ ‘ಹೊಂಡ’ ಹೋಗಿ ‘ಹೈಡ್ರಂಟ್’ ಬಂದಿದ್ದರೆ, ಹಾಜರು 5ಕ್ಕೆ ಇಳಿದಿದ್ದರೆ, ಊರಿಗೆ ಒತ್ತಡದ ನೀರು ಬಂದದ್ದು ನಿಮಗೆ ಅಲ್ಲೇ ಸಿಕ್ಕಿತು. ಇಂಥ ಸಾಲುಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸಿ. ಬೇಜಾರಿನ ಕೆಲಸ ಅನ್ನಿಸಬಹುದು, ಆದರೆ ನನ್ನ ಅನುಭವದಲ್ಲಿ ನಿಜವಾದ ಚರಿತ್ರೆ ಸಿಗುವುದು ಇಲ್ಲೇ.

ಆ ಸಾಲಿನ ‘ಗಂಟೆ’ ಅನ್ನುವ ಪದದ ಮೇಲೂ ಕಣ್ಣಿಡಿ. ಬೆಂಕಿ ಬಿದ್ದ ಸುದ್ದಿ ದಳಕ್ಕೆ ಹೇಗೆ ತಲುಪುತ್ತಿತ್ತು? 1871ರ ಅಕ್ಟೋಬರ್ 8ರ ರಾತ್ರಿ ಶಿಕಾಗೋದಲ್ಲಿ ಗೋಪುರದ ಕಾವಲುಗಾರ ಬೆಂಕಿಯ ಜಾಗವನ್ನು ತಪ್ಪಾಗಿ ಅಂದಾಜು ಮಾಡಿದ. ಇಂಜಿನ್ನುಗಳು ಸುಮಾರು ಒಂದು ಮೈಲಿ ಆಚೆಗೆ ಹೋದವು. ದಳದವರು ಹಿಂದಿನ ರಾತ್ರಿಯ ದೊಡ್ಡ ಬೆಂಕಿಯಲ್ಲಿ ಸುಸ್ತಾಗಿದ್ದರು ಬೇರೆ. ಅಲ್ಲಿ ಸುಮಾರು 300 ಜನ ಸತ್ತರು. ಅದೇ ರಾತ್ರಿ ಪೆಶ್ಟಿಗೋ ಅನ್ನುವ ಮರದ ಕೆಲಸದ ಸಣ್ಣ ಊರು ಮತ್ತು ಅದರ ಸುತ್ತಮುತ್ತ ಕಾಡುಬೆಂಕಿಯಲ್ಲಿ ಸತ್ತವರು ಕಡಿಮೆ ಎಂದರೂ 1,200. ಶಿಕಾಗೋ ಎಲ್ಲರಿಗೂ ನೆನಪಿದೆ, ಪೆಶ್ಟಿಗೋ ಎಷ್ಟು ಜನಕ್ಕೆ ಗೊತ್ತು? ಸಣ್ಣ ಊರುಗಳ ಚರಿತ್ರೆ ಬರೆಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಬಾಸ್ಟನ್ನಿನಲ್ಲಿ 1852ರಲ್ಲೇ ತಂತಿಯ ಮೂಲಕ ಬೆಂಕಿಯ ಸುದ್ದಿ ಕೊಡುವ ವ್ಯವಸ್ಥೆ ಶುರುವಾಗಿತ್ತು. ಬೀದಿಯ ಪೆಟ್ಟಿಗೆಯ ಹಿಡಿ ಎಳೆದರೆ ಅದರ ನಂಬರು ತಂತಿಯಲ್ಲಿ ಹೋಗಿ ಗಂಟೆಯಾಗಿ ಬಡಿಯುತ್ತಿತ್ತು. ಮೂರು ಏಟು, ನಿಲುಗಡೆ, ಎರಡು ಏಟು ಅಂದರೆ 32ನೇ ಪೆಟ್ಟಿಗೆ. ಇಂಥ ಊರುಗಳಲ್ಲಿ ನಂಬರುಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಹಂಚುತ್ತಿದ್ದರು. ಹಳೇ ಮನೆಗಳಲ್ಲಿ, ಹಳೇ ಪುಸ್ತಕಗಳ ನಡುವೆ ಅಂಥ ಕಾರ್ಡು ಸಿಕ್ಕರೆ ಅದು ಚಿನ್ನ. ಆಮೇಲೆ ಕಾರ್ಖಾನೆಯ ಸೀಟಿ, ಸೈರನ್, ಟೆಲಿಫೋನ್ ಬಂದವು. ಎಷ್ಟೋ ಸಣ್ಣ ಊರುಗಳಲ್ಲಿ ಸೈರನ್ನಿನ ಗುಂಡಿ ಇದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಹೆಂಗಸಿನ ಕೈಯಲ್ಲಿ. ಅವರ ಹೆಸರು ದಳದ ಪಟ್ಟಿಯಲ್ಲಿ ಇರುವುದಿಲ್ಲ, ನಿಮ್ಮ ಪುಸ್ತಕದಲ್ಲಾದರೂ ಇರಲಿ. ಲಂಡನ್ನಿನ ಒಂದು ಮನೆಯ ಬೆಂಕಿಯಲ್ಲಿ 1935ರಲ್ಲಿ ಐವರು ಹೆಂಗಸರು ಸತ್ತಾಗ, ಪಕ್ಕದವರು ಮಾಡಿದ ಕರೆ ಎಕ್ಸ್‌ಚೇಂಜಿನ ಸರದಿಯಲ್ಲಿ ಸಿಕ್ಕಿಕೊಂಡಿತ್ತು. ಅದರಿಂದಾಗಿಯೇ 1937ರಲ್ಲಿ 999 ಅನ್ನುವ ತುರ್ತು ನಂಬರು ಬಂತು. ಅಮೆರಿಕದಲ್ಲಿ 911ಕ್ಕೆ ಮೊದಲ ಕರೆ ಹೋದದ್ದು 1968ರಲ್ಲಿ, ಅಲಬಾಮಾದ ಹೇಲಿವಿಲ್ ಅನ್ನುವ ಸಣ್ಣ ಊರಿನಲ್ಲಿ.

ಉಗಿ, ಕುದುರೆ, ಮೋಟಾರಿನ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ, ಜಾಸ್ತಿ ಹೇಳುವುದಿಲ್ಲ. ಸಿನ್ಸಿನಾಟಿ ನಗರ 1853ರಲ್ಲಿ ಉಗಿ ಇಂಜಿನ್ ಮತ್ತು ಸಂಬಳದ ಜನ ಎರಡನ್ನೂ ಒಟ್ಟಿಗೆ ತಂದಿತು. ಉಗಿಗೆ ಜನ ಕಡಿಮೆ ಸಾಕು, ಆದರೆ ಭಾರ ಎಳೆಯಲು ಕುದುರೆ ಬೇಕು. 1872ರಲ್ಲಿ ಕುದುರೆಗಳಿಗೆಲ್ಲ ಜ್ವರ ಬಂದಾಗ ಬಾಸ್ಟನ್ನಿನ ದೊಡ್ಡ ಬೆಂಕಿಗೆ ಇಂಜಿನ್ನುಗಳನ್ನು ಮನುಷ್ಯರೇ ಎಳೆದುಕೊಂಡು ಹೋದರು. ನ್ಯೂಯಾರ್ಕಿನಲ್ಲಿ ಕುದುರೆಯ ಇಂಜಿನ್ ಕೊನೆಯ ಸಲ ಓಡಿದ್ದು 1922ರಲ್ಲಿ. ಉಗಿಯನ್ನು ಕಾಣದೆ ಕೈಪಂಪಿನಿಂದ ನೇರವಾಗಿ ಮೋಟಾರಿಗೆ ಬಂದ ಸಣ್ಣ ಊರುಗಳೂ ಬಹಳ ಇವೆ. ನಿಮ್ಮದೂ ಹಾಗಿದ್ದರೆ ನಡುವೆ ಏನೋ ಕಳೆದುಹೋಗಿದೆ ಅಂತ ಹುಡುಕುತ್ತಾ ಕೂರಬೇಡಿ.

ಆದರೆ ಕಪ್ಲಿಂಗುಗಳನ್ನು ಮಾತ್ರ ಅಳೆಯಲೇಬೇಕು. ಪೈಪಿನ ತುದಿಯ ಹಿತ್ತಾಳೆ ಜೋಡಣೆ ಇದೆಯಲ್ವಾ, ಅದು. 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ಹತ್ತಿ ಉರಿದಾಗ ವಾಷಿಂಗ್ಟನ್ನಿನಿಂದ ರೈಲಿನಲ್ಲಿ ಇಂಜಿನ್ನುಗಳು ಬಂದವು. ಅವುಗಳ ಪೈಪು ಅಲ್ಲಿನ ಹೈಡ್ರಂಟಿಗೆ ಕೂರಲಿಲ್ಲ. ತಿರುಗಿಸಿ ಕೂರಿಸುವ ತಿರುಪಿನ ಗೆರೆ, ಅಂದರೆ ಥ್ರೆಡ್ಡೇ ಬೇರೆ. 1,500ಕ್ಕೂ ಹೆಚ್ಚು ಕಟ್ಟಡ ಸುಟ್ಟುಹೋದವು. ಆಮೇಲೆ ನೋಡಿದರೆ ದೇಶದಲ್ಲಿ 600ಕ್ಕೂ ಹೆಚ್ಚು ಬಗೆಯ ಕಪ್ಲಿಂಗು ಇದ್ದವು. ಎಲ್ಲರಿಗೂ ಒಂದೇ ಅಳತೆ ಗೊತ್ತುಮಾಡಿದ ಮೇಲೂ ಊರುಗಳು ಬೇಗ ಬದಲಾಗಲಿಲ್ಲ. 1991ರಲ್ಲಿ ಓಕ್‌ಲೆಂಡಿನ ಬೆಟ್ಟದ ಬೆಂಕಿಯಲ್ಲೂ ಹೊರಗಿನಿಂದ ಬಂದ ದಳಗಳಿಗೆ ಇದೇ ತೊಂದರೆ ಆಯಿತು. 25 ಜನ ಸತ್ತರು. ನಿಮ್ಮ ಹಳೇ ಕಪ್ಲಿಂಗಿನ ವ್ಯಾಸ ಅಳೆದು, ಒಂದು ಇಂಚಿಗೆ ಎಷ್ಟು ಥ್ರೆಡ್ ಇವೆ ಅಂತ ಎಣಿಸಿ. ಪಕ್ಕದ ಊರಿನದಕ್ಕೆ ಹೊಂದುತ್ತದೆಯೇ ನೋಡಿ. ಹೊಂದಿದರೆ ಕಷ್ಟಕಾಲದಲ್ಲಿ ಅವರು ಇವರನ್ನು ಕರೆಯುತ್ತಿದ್ದರು ಅನ್ನುವುದಕ್ಕೆ ಅದೊಂದು ಸುಳಿವು.

ಕಾಗದಗಳು ಕಳೆದುಹೋಗಿರುವುದಕ್ಕೂ ಕಾರಣ ಹುಡುಕಿ. ಹೆಚ್ಚಾಗಿ ಬೆಂಕಿಯಲ್ಲಿ ಸುಟ್ಟವು ಅನ್ನುತ್ತಾರೆ, ಆದರೆ ಆಡಳಿತ ಕೈ ಬದಲಾದಾಗಲೇ ಜಾಸ್ತಿ ಕಳೆಯುವುದು. ಬ್ರಿಟನ್ನಿನಲ್ಲಿ ದಳ ಇಡುವುದು ಎಲ್ಲ ಸ್ಥಳೀಯ ಆಡಳಿತಗಳ ಕರ್ತವ್ಯ ಅಂತ ಕಾನೂನು ಆದದ್ದೇ 1938ರಲ್ಲಿ. ಮೂರು ವರ್ಷಕ್ಕೆ, ಯುದ್ಧದ ನಡುವೆ, 1,600ರಷ್ಟು ದಳಗಳನ್ನು ಸೇರಿಸಿ ಒಂದೇ ರಾಷ್ಟ್ರೀಯ ಸೇವೆ ಮಾಡಿದರು. 1948ರಲ್ಲಿ ಮತ್ತೆ ಸ್ಥಳೀಯ ಆಡಳಿತಗಳಿಗೆ ಕೊಟ್ಟರು. ಹೀಗೆ ಎರಡು ಸಲ ಮನೆ ಬದಲಾಯಿಸಿದ ಪುಸ್ತಕಗಳು ಮೂಲ ಊರಿನಲ್ಲಿ ಸಿಗುವುದಿಲ್ಲ, ಮೇಲಿನ ಕಚೇರಿಯ ದಾಖಲೆ ಕೋಣೆಯಲ್ಲಿ ಸಿಗುತ್ತವೆ. ವಿಮಾ ಕಂಪನಿಗಳ ನಕ್ಷೆಗಳನ್ನೂ ಕೇಳಿ. ಅಮೆರಿಕದಲ್ಲಿ 1867ರಲ್ಲಿ ಶುರುವಾದ ಸ್ಯಾನ್‌ಬಾರ್ನ್ ಕಂಪನಿ ಸುಮಾರು 12,000 ಊರುಗಳ ನಕ್ಷೆ ಮಾಡಿತು. ಇಟ್ಟಿಗೆ ಮನೆಗೆ ಗುಲಾಬಿ ಬಣ್ಣ, ಮರದ ಮನೆಗೆ ಹಳದಿ. ಕೊಳವೆಯ ಅಗಲ, ಹೈಡ್ರಂಟ್, ಠಾಣೆ ಎಲ್ಲ ಅದರಲ್ಲಿವೆ.

ಒಂದು ಕಥೆಯನ್ನು ಮಾತ್ರ ನಿಮ್ಮ ಪುಸ್ತಕಕ್ಕೆ ಸೇರಿಸಬೇಡಿ. ಹಿಂದೆ ವಿಮಾ ಕಂಪನಿಗಳೇ ದಳ ಇಟ್ಟುಕೊಂಡಿದ್ದ ಕಾಲದಲ್ಲಿ, ಮನೆಯ ಗೋಡೆಯ ಮೇಲೆ ವಿಮಾ ಕಂಪನಿಯ ಬಿಲ್ಲೆ ಇಲ್ಲದಿದ್ದರೆ ದಳದವರು ನೋಡುತ್ತಾ ನಿಲ್ಲುತ್ತಿದ್ದರು, ಮನೆ ಸುಟ್ಟುಹೋಗುತ್ತಿತ್ತು ಅಂತ ಎಲ್ಲೆಲ್ಲೂ ಬರೆಯುತ್ತಾರೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಪಕ್ಕದ ಮನೆಗೆ ವಿಮೆ ಇದ್ದರೆ ಈ ಮನೆಯ ಬೆಂಕಿ ಆರಿಸುವುದು ಕಂಪನಿಗೇ ಲಾಭ ಅಲ್ವಾ? ಮತ್ತೆ ಆ ದಳದವರ ಮೇಲೆ ಸುಳ್ಳು ಹೊರಿಸುವುದು ತಪ್ಪು.

ಕೆಲಸ ಎಲ್ಲಿಂದ ಶುರು ಅಂದಿರಿ. ಕಾಗದ ಕಾಯುತ್ತದೆ, ಮನುಷ್ಯರು ಕಾಯುವುದಿಲ್ಲ. ಹಳೇ ದಳದವರಲ್ಲಿ ಎಲ್ಲರಿಗಿಂತ ವಯಸ್ಸಾದವರ ಮನೆಗೆ ಈ ವಾರವೇ ಹೋಗಿ. ದೊಡ್ಡ ಬೆಂಕಿಯ ಬಗ್ಗೆ ಮೊದಲು ಕೇಳಬೇಡಿ, ಅದನ್ನು ನೂರು ಸಲ ಹೇಳಿರುತ್ತಾರೆ. ಸೈರನ್ ಕೇಳಿದಾಗ ಎಲ್ಲಿದ್ದಿರಿ, ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು, ಮೊದಲು ಬಂದವರು ಏನು ಮಾಡಬೇಕಿತ್ತು ಅಂತ ಕೇಳಿ. ಅವರ ಮನೆಯವರನ್ನೂ ಕೂರಿಸಿಕೊಳ್ಳಿ. ರಾತ್ರಿ ಫೋನ್ ಎತ್ತಿದವರು ಅವರು. ಬೆಂಕಿ ಅಲ್ಲದ ಕರೆಗಳ ಬಗ್ಗೆಯೂ ಕೇಳಿ. ಇವತ್ತು ಅಮೆರಿಕದ ದಳಗಳಿಗೆ ಬರುವ ಕರೆಗಳಲ್ಲಿ ಬೆಂಕಿಯದು ನೂರಕ್ಕೆ ಐದೂ ಇಲ್ಲ, ಬಹುಪಾಲು ಕಾಯಿಲೆ ಮತ್ತು ಅಪಘಾತದವು. ನಿಮ್ಮ ಊರಿನಲ್ಲಿ ಆ ಬದಲಾವಣೆ ಯಾವಾಗ ಆಯಿತು ಅಂತ ಹೇಳಬಲ್ಲವರು ಅವರೇ.

ವಾಪಸ್ ಬಂದ ಮೇಲೆ ಆ ಎರಡನೇ ರಿಜಿಸ್ಟರನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದು ನೋಡಿ. ಕಾಗದ ಉಳಿಸಲು ಗುಮಾಸ್ತರು ಒಂದೇ ಪುಸ್ತಕವನ್ನು ಎರಡೂ ಕಡೆಯಿಂದ ಬಳಸುತ್ತಿದ್ದರು. ಮುಂದಿನಿಂದ ಬೆಂಕಿಯ ಲೆಕ್ಕ, ಹಿಂದಿನಿಂದ ಚಂದಾ, ದಂಡ, ರಿಪೇರಿ. ಪಂಪು ಯಾವ ಊರಿನಿಂದ ಬಂತು ಅನ್ನುವುದು ಅಲ್ಲೇ ಎಲ್ಲೋ, ಗಾಡಿ ಬಾಡಿಗೆಯ ಲೆಕ್ಕದಲ್ಲಿ ಸಿಕ್ಕೀತು.